ದೌಂಡಕ್ಕೆ ಹದಿನೇಳು ಸಲ ಹೋಗಿಬಂದ ಕಪ್ಪೆ

ಕಳೆದ ಜೂನ್ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಬಾಡಿಗೆ ಸಭಾಂಗಣದಲ್ಲಿ ನಾನು ಸೋತೆ. ಗೆಲ್ಲಲು ಬೇಕಾದ ಮೂರು ಕಾರ್ಡುಗಳೂ ಆಗ ನನ್ನ ಮುಂದೆ ಮೇಜಿನ ಮೇಲೇ ಇದ್ದವು. ಎದುರಾಳಿಗೆ ಉಳಿದಿದ್ದು ಎರಡೇ ಜೀವಾಂಕ. ಘಟನೆಗೆ ಮೂವರು ಸಾಕ್ಷಿಗಳಿದ್ದಾರೆ. ತಪ್ಪು ಯಾರದೆಂಬ ಬಗ್ಗೆ ಮೂವರ ಹೇಳಿಕೆಯಲ್ಲೂ ವ್ಯತ್ಯಾಸವಿಲ್ಲ.

ಹಿನ್ನೆಲೆ ಹೀಗಿದೆ. ನಾನು ಪುಣೆಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಬೇರೆಯವರ ಬರಹ ತಿದ್ದುತ್ತಿರುವವನು. ಮಗಳು ಪಲ್ಲವಿ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಅವಳಿಗೊಂದು ಕಾರ್ಡಿನ ಆಟದ ಹುಚ್ಚು. ಇದು ಇಸ್ಪೀಟಲ್ಲ. ಒಂದೊಂದು ಕಾರ್ಡಿನಲ್ಲೂ ಒಂದು ಪ್ರಾಣಿ, ಇಲ್ಲವೇ ಒಂದು ಮಂತ್ರ, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅದರ ಶಕ್ತಿ. ಸಾವಿರಾರು ಕಾರ್ಡುಗಳಿವೆಯಂತೆ. ಅದರಲ್ಲಿ ಅರವತ್ತನ್ನು ಆಯ್ದು ನಮ್ಮದೇ ಕಟ್ಟು ಮಾಡಿಕೊಳ್ಳಬೇಕು. ಅದಕ್ಕೆ ಡೆಕ್ ಎನ್ನುತ್ತಾರೆ. ಇಬ್ಬರಿಗೂ ಇಪ್ಪತ್ತು ಜೀವಾಂಕ. ಯಾರದು ಮೊದಲು ಸೊನ್ನೆಯಾಗುತ್ತದೋ ಅವರು ಸೋತರು.

ಪಲ್ಲವಿ ಮತ್ತು ಅವಳ ಗೆಳತಿ ಋಚಾ ಜೋಡಿಗಳ ಸ್ಪರ್ಧೆಯಲ್ಲಿ ಸತತ ಎರಡು ವರ್ಷ ಎರಡನೇ ಸ್ಥಾನದಲ್ಲೇ ನಿಂತಿದ್ದರು. ಗೆದ್ದ ಜೋಡಿಗೆ ಮಾತ್ರ ಹೈದರಾಬಾದಿನ ಫೈನಲ್. ಈ ವರ್ಷ ಹೋಗಿಯೇ ತೀರುವುದೆಂದು ಪಲ್ಲವಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಹಾಕಿದ್ದಳು. ಸ್ಪರ್ಧೆಗೆ ಹದಿನೈದು ದಿನ ಇರುವಾಗ ಋಚಾ ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡಳು. ಉಳಿದ ಸ್ನೇಹಿತರೆಲ್ಲ ಆಗಲೇ ಜೋಡಿಯಾಗಿದ್ದರು. ಪಲ್ಲವಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೇ ದಿನ ನಾನು ಹೇಳಿದೆ, "ನಾ ಬರ್ತೀನಿ."

ಪಲ್ಲವಿ ನನ್ನನ್ನೇ ನೋಡಿದಳು. ನಂತರ ಅವರಮ್ಮನನ್ನು ನೋಡಿದಳು. ನನ್ನ ಹೆಂಡತಿ ಸುನಂದಾ ಮೆಂತ್ಯ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿರಲಿಲ್ಲ.

"ಅಪ್ಪಾ, ಹಂಗಾದ್ರ ನಿನಗ ಒಂದು ಸರಳ ಡೆಕ್ ಕೊಡ್ತೀನಿ. ಆನಿ ಇಳಸೂದು, ಹೊಡಿಯೂದು. ಬ್ಯಾರೆ ಏನೂ ವಿಚಾರ ಮಾಡೂದಿಲ್ಲ."

"ವಿಚಾರ ಮಾಡೂದಿಲ್ಲ ಅಂದ್ರ ಹೆಂಗ? ಇಪ್ಪತ್ತಾರು ವರ್ಷ ದಿನಾ ಪೇಜ್ ಕಟ್ಟೀನಿ. ಅರವತ್ತು ಕಾರ್ಡ್ ಕಟ್ಟಲಿಕ್ಕೆ ಬರೂದಿಲ್ಲೇನು?"

"ಪೇಜಿಗೆ ಎದುರಾಳಿ ಇರೂದಿಲ್ಲ ಅಪ್ಪಾ."

ಕಟ್ಟಿದ ಪುಟ ಕಿತ್ತುಹಾಕಿಸುವ ಜಾಹೀರಾತು ವಿಭಾಗದ ಬಗ್ಗೆ ಅವಳಿಗೆ ತಿಳಿಯದು.

ಅಂದೇ ಕೂತು ಅಧ್ಯಯನ ಮಾಡಿದೆ. ಡೆಕ್‌ಗಳಲ್ಲಿ ಹಲವು ಬಗೆ. ನನ್ನ ಮನಸ್ಸು ಕಾಂಬೊ ಡೆಕ್ ಮೇಲೆ ನಿಂತಿತು. ಬಿಡಿಬಿಡಿಯಾಗಿ ಯಾವ ಕೆಲಸಕ್ಕೂ ಬಾರದ ಎರಡು ಮೂರು ಕಾರ್ಡುಗಳು ಒಂದೆಡೆ ಕೂಡಿದ ಕೂಡಲೇ ಅವನ್ನು ತಡೆಯುವವರೇ ಇಲ್ಲವಂತೆ! ನಮ್ಮ ಡೆಸ್ಕಿನ ಸಿಬ್ಬಂದಿಯ ಬಗ್ಗೆ ನನಗೆ ಇದ್ದ ಆಸೆಯೂ ಇದೇ ಆಗಿತ್ತು.

ಪಲ್ಲವಿಯ ಡಬ್ಬಿಗಳನ್ನು ಜಾಲಾಡಿ ಮೂರು ಕಾರ್ಡು ಹುಡುಕಿದೆ. ಒಂದು ಕಪ್ಪೆ. ಅದು ಮೇಜಿಗೆ ಬಂದಾಗಲೆಲ್ಲ ಎದುರಾಳಿಗೆ ಒಂದು ಜೀವಾಂಕ ನಷ್ಟ. ಎರಡನೆಯದು ಹಸಿದ ಹದ್ದು. ಅದು ನಮ್ಮದೇ ಪ್ರಾಣಿಯನ್ನು ತಿಂದು ಸ್ಮಶಾನಕ್ಕೆ ಕಳಿಸುತ್ತದೆ. ಸ್ಮಶಾನವೆಂದರೆ ಬಳಸಿ ಮುಗಿದ ಕಾರ್ಡುಗಳ ರಾಶಿ. ಮೂರನೆಯದು ಹಳೆಯ ಬಾವಿ. ಸ್ಮಶಾನಕ್ಕೆ ಹೋದ ಸಣ್ಣ ಪ್ರಾಣಿಯನ್ನು ಅದು ಮತ್ತೆ ಮೇಜಿಗೆ ತರುತ್ತದೆ. ಅಂದರೆ ಕಪ್ಪೆ ಬರುತ್ತದೆ, ಒಂದು ಅಂಕ ಹೋಗುತ್ತದೆ. ಹದ್ದು ತಿನ್ನುತ್ತದೆ, ಬಾವಿ ಎತ್ತುತ್ತದೆ. ಕಪ್ಪೆ ಮತ್ತೆ ಬರುತ್ತದೆ, ಇನ್ನೊಂದು ಅಂಕ ಹೋಗುತ್ತದೆ. ಇದಕ್ಕೆ ಕೊನೆಯೇ ಇಲ್ಲ!

ನಾನು ಎದ್ದು ನಿಂತು ಸುನಂದಾಳಿಗೆ ವಿವರಿಸಿದೆ. "ನೋಡು, ಕಪ್ಪಿ ಸ್ಮಶಾನಕ್ಕ ಹೋಗ್ತದ, ಸ್ಮಶಾನದಿಂದ..."

"ಅಲ್ರೀ! ಈಗರೇ ದೇವರ ಮುಂದ ದೀಪಾ ಹಚ್ಚೀನಿ. ಮನ್ಯಾಗ ಸ್ಮಶಾನ ಸ್ಮಶಾನ ಅಂತ ಅನಬ್ಯಾಡ್ರಿ."

"ಆಟದಾಗ ಹಂಗ ಅಂತಾರ ಮಾರಾಯ್ತಿ. ಮತ್ತ ಏನನ್ಲಿ?"

ಅವಳು ಒಂದು ಕ್ಷಣ ಯೋಚಿಸಿದಳು. "ಹೋದದ್ದು ಹೋಗಿ ಬಿದ್ದಿರ್ತದ. ಹೊಳ್ಳಿ ಯಾವಾಗ ಬರ್ತದೋ ಯಾರಿಗೂ ಗೊತ್ತಿಲ್ಲ. ಹೌದಲ್ಲ? ದೌಂಡ ಅನ್ರಿ."

ನಮ್ಮೂರಾದ ವಿಜಯಪುರಕ್ಕೆ ಹೋಗಿಬರುವಾಗಲೆಲ್ಲ ನಮ್ಮ ರೈಲನ್ನು ದೌಂಡ ಜಂಕ್ಷನ್ನಿನಲ್ಲಿ ನಿಲ್ಲಿಸಿ ಮರೆತುಬಿಡುತ್ತಾರೆ. ಹೋಲಿಕೆ ನಿಖರವಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಸತ್ತ ಕಾರ್ಡುಗಳೆಲ್ಲ ದೌಂಡಕ್ಕೆ ಹೋಗತೊಡಗಿದವು.

ಮೂರು ದಿನದಲ್ಲಿ ಡೆಕ್ ಸಿದ್ಧವಾಯಿತು. ಅರವತ್ತು ಕಾರ್ಡು, ಅಚ್ಚುಕಟ್ಟಾದ ಪಟ್ಟಿ, ಒಂದು ಅಕ್ಷರ ತಪ್ಪಿಲ್ಲ. ಅಭ್ಯಾಸಕ್ಕೆ ಯಾರಾದರೂ ಬೇಕಿತ್ತು. ಪಲ್ಲವಿ ಕಾಲೇಜಿನಲ್ಲಿದ್ದಳು. ಸುನಂದಾಳ ಕೈಗೆ ಆ ಆನೆಯ ಡೆಕ್ ಕೊಟ್ಟೆ.

ಏಳು ನಿಮಿಷದಲ್ಲಿ ಅವಳು ಗೆದ್ದಳು.

"ನಿನಗ ಆಟ ತಿಳೀತೇನು?"

"ಆನಿ ಅದ, ಹೊಡೀತದ. ಇದರಾಗ ತಿಳಿಯೂದು ಏನದ? ಇನ್ನೊಂದು ಆಡ್ತೀರೇನು? ಕುಕ್ಕರ್ ಮೂರು ಸೀಟಿ ಆಗೂತನ ನಾ ಖಾಲೀನ ಇದ್ದೀನಿ."

ಕುಕ್ಕರ್ ಎರಡನೇ ಸೀಟಿ ಹೊಡೆಯುವ ಮೊದಲೇ ಎರಡನೇ ಆಟವೂ ಮುಗಿಯಿತು. ಹೀಗೆ ಮೂರು ದಿನದಲ್ಲಿ ಹನ್ನೊಂದು ಆಟ ಸೋತೆ. ನನ್ನ ಕಪ್ಪೆ, ಹದ್ದು, ಬಾವಿ ಒಂದು ಸಲವೂ ಪರಸ್ಪರ ಭೇಟಿಯಾಗಲಿಲ್ಲ. ಕಾರಣ ಏನೆಂದು ನನಗೆ ಸ್ವಲ್ಪವೂ ಹೊಳೆಯಲಿಲ್ಲ. ಕೊನೆಗೆ ಪಲ್ಲವಿ ನನ್ನ ಡೆಕ್ಕನ್ನು ಚಾಪೆಯ ಮೇಲೆ ಹರಡಿದಳು. ಬಹಳ ಹೊತ್ತು ನೋಡಿದಳು.

"ಅಪ್ಪಾ, ಕಪ್ಪಿ ಒಂದ ಅದ."

"ಹೌದು."

"ಹದ್ದು ಒಂದ ಅದ. ಬಾವಿನೂ ಒಂದ. ಎಲ್ಲಾ ಒಂದೊಂದ! ಒಂದು ಕಾರ್ಡು ನಾಕು ಪ್ರತಿ ತನಕಾ ಇಡಬಹುದು ಅಂತ ಹೇಳಿದ್ನೆಲ್ಲ? ನಾ ನಾಕ್ನಾಕು ತಗದಿಟ್ಟಿದ್ದೆ. ಅವೆಲ್ಲಾ ಎಲ್ಲಿ ಹೋದ್ವು?"

"ಅವನ್ನ ತಗದೆ."

"ಯಾಕ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಂದೇ ಸುದ್ದಿ ಒಂದೇ ಪುಟದಲ್ಲಿ ನಾಲ್ಕು ಸಲ ಬಂದರೆ ಮರುದಿನ ಸಂಪಾದಕರು ಕರೆಯುತ್ತಾರೆ. ನಾನು ಜೀವನವಿಡೀ ಮಾಡಿದ ಕೆಲಸವೆಂದರೆ ಎರಡನೇ ಸಲ ಬಂದದ್ದನ್ನು ಹೊಡೆದುಹಾಕುವುದು. ಕೈ ತಾನಾಗಿಯೇ ಹಾಗೆ ಮಾಡಿತ್ತು! ಅರವತ್ತು ಬೇರೆಬೇರೆ ಕಾರ್ಡು. ಓದುಗರಿಗೆ ವೈವಿಧ್ಯ. ಆಡುವವನಿಗೆ ಸರ್ವನಾಶ.

"ನಾಕು ಇದ್ರನ ಅಪ್ಪಾ ಕೈಗೆ ಒಂದರೇ ಬರೂದು," ಎಂದಳು ಪಲ್ಲವಿ. ಅವಳ ದನಿ ಬಹಳ ಮೆತ್ತಗಿತ್ತು. ಬೈದಿದ್ದರೆ ಚೆನ್ನಾಗಿತ್ತು. "ಈಗರೇ ಆನಿ ಡೆಕ್ ತಗೋತೀಯೇನು?"

"ಬ್ಯಾಡ. ಈಗ ತಿಳೀತು."

ಅವಳು ಕ್ಯಾಲೆಂಡರ್ ಕಡೆ ನೋಡಿ, ಹೂಂ ಎಂದಳು. ನಾಲ್ಕು ಕಪ್ಪೆ, ನಾಲ್ಕು ಹದ್ದು, ನಾಲ್ಕು ಬಾವಿ ಮರಳಿ ಬಂದವು. ಮರುದಿನ ಸುನಂದಾಳ ವಿರುದ್ಧ ಹತ್ತರಲ್ಲಿ ನಾಲ್ಕು ಆಟ ಗೆದ್ದೆ. ಕಪ್ಪೆ ಎರಡನೇ ಸಲ ಬಾವಿಯಿಂದ ಬರುವಷ್ಟರಲ್ಲೇ ಅವಳು ಕಾರ್ಡು ಕೆಳಗಿಟ್ಟು, "ತಿಳೀತು ಬಿಡ್ರಿ, ಒಲಿ ಮ್ಯಾಲೆ ಹಾಲದ," ಎಂದು ಎದ್ದು ಹೋಗುತ್ತಿದ್ದಳು. ಹೀಗಾಗಿ ಕಪ್ಪೆಯನ್ನು ಎಷ್ಟು ಸಲ ತಿರುಗಿಸಬೇಕೆಂಬ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟಲೇ ಇಲ್ಲ.

ಸ್ಪರ್ಧೆಯ ದಿನ ಬಂತು. ಸದಾಶಿವ ಪೇಠದ ನಮ್ಮ ಮನೆಯಿಂದ ರಿಕ್ಷಾ ಹಿಡಿದು ಕ್ಯಾಂಪ್ ತಲುಪಿದೆವು. ಸುನಂದಾ ಡಬ್ಬಿಯಲ್ಲಿ ಚಪಾತಿ ಕಟ್ಟಿಕೊಟ್ಟು, ಬಾಗಿಲಲ್ಲಿ ನಿಂತು, "ಆನಿ ಡೆಕ್ಕೂ ಚೀಲದಾಗ ಇಟ್ಟೀನ್ರಿ, ಇರ್ಲಿ," ಎಂದಿದ್ದಳು. ನಾನು ಅದನ್ನು ಹೊರತೆಗೆಯಲಿಲ್ಲ. ಕಾರ್ಡುಗಳ ಪಟ್ಟಿ ಒಪ್ಪಿಸಿದಾಗ ಮುಖ್ಯ ತೀರ್ಪುಗಾರ, ಕುತ್ತಿಗೆಗೆ ಸೀಟಿ ತೂಗುಹಾಕಿಕೊಂಡಿದ್ದ ಯುವಕ, ಇಷ್ಟು ಶುದ್ಧವಾದ ಪಟ್ಟಿಯನ್ನು ತಾನು ನೋಡಿಯೇ ಇಲ್ಲ ಎಂದ. ಆ ದಿನ ನನಗೆ ಸಂದ ಗೌರವ ಅದೊಂದೇ.

ನಿಯಮ ಸರಳವಾಗಿತ್ತು. ಜೋಡಿಯ ಇಬ್ಬರೂ ತಮ್ಮ ತಮ್ಮ ಮೇಜಿನಲ್ಲಿ ಗೆಲ್ಲಬೇಕು. ಒಂದೊಂದು ಗೆದ್ದು ಸಮವಾದರೆ, ಹಿಂದಿನ ಸುತ್ತುಗಳಲ್ಲಿ ಹೆಚ್ಚು ಜೀವಾಂಕ ಉಳಿಸಿಕೊಂಡ ಜೋಡಿಗೆ ಜಯ. ಮೊದಲ ಸುತ್ತಿನಲ್ಲಿ ಎದುರಾಳಿ ಜೋಡಿಗೆ ಕ್ಯಾಂಪಿನಲ್ಲಿ ಪಾರ್ಕಿಂಗ್ ಸಿಗಲಿಲ್ಲ. ಹದಿನೈದು ನಿಮಿಷ ಮೀರಿತು, ನಾವು ಗೆದ್ದೆವು. ಎರಡನೇ ಸುತ್ತಿನಲ್ಲಿ ನನ್ನೆದುರು ಬೆಂಗಳೂರಿನಿಂದ ಬಂದು ಹಿಂಜವಡಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗನಿದ್ದ. ನಾನು ಬಾವಿಯ ಕಾರ್ಡಿನ ಸಣ್ಣ ಅಕ್ಷರ ಓದಲು ಕನ್ನಡಕ ಏರಿಸಿ ಇಳಿಸಿ ಮಾಡುತ್ತಿದ್ದೆ. ಇದರ ಹಿಂದೆ ಭಾರೀ ಸಂಚು ಇದೆಯೆಂದು ಅವನು ಹೆದರಿ ದಾಳಿಯನ್ನೇ ಮಾಡಲಿಲ್ಲ. ಸಮಯ ಮುಗಿದಾಗ ನನಗೆ ಒಂದು ಜೀವಾಂಕ ಹೆಚ್ಚಿತ್ತು, ಗೆದ್ದೆ. ಪಲ್ಲವಿ ಆಗಲೇ ಗೆದ್ದಾಗಿತ್ತು.

"ಸಾರ್, ಸಖತ್ ಬ್ಲಫ್ ಮಾಡಿದ್ರಿ," ಎಂದು ಕೈ ಕುಲುಕಿದ.

ನಾನು ಆಗಲೂ ಬಾವಿಯ ಎರಡನೇ ಸಾಲಿನಲ್ಲಿದ್ದೆ.

ಮೂರನೆಯದೇ ಅಂತಿಮ ಸುತ್ತು. ಪಲ್ಲವಿ ತನ್ನ ಆಟವನ್ನು ಇಪ್ಪತ್ತು ನಿಮಿಷದಲ್ಲಿ ಗೆದ್ದು ನನ್ನ ಹಿಂದೆ ಬಂದು ನಿಂತಳು. ಆಟ ಮುಗಿಯುವ ತನಕ ಅವಳು ಮಾತಾಡುವಂತಿಲ್ಲ. ನಿಯಮ. ಹೈದರಾಬಾದ್ ಈಗ ನನ್ನೊಬ್ಬನ ಕೈಯಲ್ಲಿತ್ತು.

ನನ್ನೆದುರು ಗೋಡಬೋಲೆ ಬಾಯಿ. ಇಲ್ಲಿ ಟೀಚರಮ್ಮಂದಿರನ್ನು ಬಾಯಿ ಎನ್ನುತ್ತಾರೆ. ವಯಸ್ಸು ಅರವತ್ತರ ಆಸುಪಾಸು, ನಮ್ಮ ಪೇಠದಲ್ಲೇ ಗಣಿತದ ಕ್ಲಾಸ್ ನಡೆಸುವವರು, ನೂಲಿನ ಸೀರೆ, ಮೂಗಿನ ತುದಿಗೆ ಕನ್ನಡಕ. ಅವರ ಡೆಕ್ ತುಂಬ ಆನೆಗಳು! ಅವು ಒಂದೊಂದಾಗಿ ಬಂದು ನನ್ನನ್ನು ಮೂರು ಜೀವಾಂಕಕ್ಕೆ ಇಳಿಸಿದವು. ಅವರ ಬಳಿ ಹದಿನೇಳು. ಅಷ್ಟರಲ್ಲಿ ನನ್ನ ಕೈಗೆ ಬಾವಿ ಬಂತು. ಕಪ್ಪೆಯೂ ಹದ್ದೂ ಮೊದಲೇ ಕೈಯಲ್ಲಿದ್ದವು. ಬಾವಿ ಇಟ್ಟೆ, ಹದ್ದು ಇಟ್ಟೆ. ಕೊನೆಗೆ ಕಪ್ಪೆಯನ್ನು ಎತ್ತಿ ಹಿಡಿದು, ಇದನ್ನು ಹದ್ದು ತಿನ್ನುತ್ತದೆ ಎಂದು ತೋರಿಸುತ್ತ, ಮನೆಯ ರೂಢಿಯ ಮಾತನ್ನೇ ಮರಾಠಿಯಲ್ಲಿ ಘೋಷಿಸಿದೆ, "ಬೇಡೂಕ ದೌಂಡಲಾ ಗೇಲಾ." ಕಪ್ಪೆ ದೌಂಡಕ್ಕೆ ಹೋಯಿತು.

ಬಾಯಿ ಕನ್ನಡಕದ ಮೇಲಿಂದ ನೋಡಿದರು. "ದೌಂಡಲಾ? ಕಶಾಲಾ?" ಯಾತಕ್ಕೆ ಹೋಯಿತು ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ನಾನು ನಮ್ಮ ಮನೆಯ ಸಂಜೆಯ ದೀಪದಿಂದ ಶುರುಮಾಡಿ ವಿಜಯಪುರದ ರೈಲಿನವರೆಗೆ ವಿವರಿಸಿದೆ. ಬಾಯಿ ತೀರ್ಪುಗಾರನನ್ನು ಕರೆದರು. ಅವನು ದೌಂಡವನ್ನು ಮಾನ್ಯ ಮಾಡಿ, ನನ್ನ ಮೂರು ಕಾರ್ಡು ನೋಡಿ, ತಲೆದೂಗಿದ. ಇದು ಕೊನೆಯಿಲ್ಲದ ಸುತ್ತು. ಸಂಜೆಯ ತನಕ ಆಡಿಸಲಾಗದು. ಆದ್ದರಿಂದ ಎಷ್ಟು ಸಲ ಎಂದು ಸಂಖ್ಯೆ ಹೇಳಿಬಿಡಿ ಎಂದ.

"ಎಷ್ಟು ಹೇಳಬಹುದು?"

"ಎಷ್ಟಾದರೂ. ಸಾವಿರ, ಲಕ್ಷ, ಕೋಟಿ. ಆದರೆ ಒಮ್ಮೆ ಹೇಳಿದ್ದು ಈ ಸರದಿಗೆ ಅಂತಿಮ."

ಹಿಂದೆ ಪಲ್ಲವಿ ಕೆಮ್ಮಿದಳು.

ನಾನು ಗೊಂದಲಕ್ಕೆ ಬಿದ್ದೆ. ಕೋಟಿ ಸಲ ಕಪ್ಪೆ? ಯಾರು ಎಣಿಸಿದರು? ರ‍್ಯಾಲಿಯ ವರದಿಯಲ್ಲಿ 'ಲಕ್ಷಾಂತರ ಜನ' ಎಂದು ಬರೆದು ತಂದ ಪ್ರತಿ ವರದಿಗಾರನಿಗೂ ಇದೇ ಪ್ರಶ್ನೆ ಕೇಳಿ ಅದನ್ನು ಹೊಡೆದುಹಾಕಿದವನು ನಾನು. ಖಚಿತವಾದ ಮಾಹಿತಿ ಒಂದೇ ಇತ್ತು. ಬಾಯಿಯ ಬಳಿ ಹದಿನೇಳು ಜೀವಾಂಕ. ಅದನ್ನೂ ನಾನು ಎರಡು ಸಲ ಕೇಳಿ ದೃಢಪಡಿಸಿಕೊಂಡೆ.

ಪಲ್ಲವಿ ಈಗ ಸತತವಾಗಿ ಕೆಮ್ಮುತ್ತಿದ್ದಳು. ಚೀಲದಲ್ಲಿ ನೀರಿನ ಬಾಟಲಿ ಇದೆಯೆಂದು ತಿರುಗಿ ಹೇಳಿದೆ.

ನಂತರ ಗಂಭೀರವಾಗಿ ಉಚ್ಚರಿಸಿದೆ, "ಹದಿನೇಳು ಸಲ."

ತೀರ್ಪುಗಾರ ನನ್ನ ಮುಖ ನೋಡಿದ. "ಖಚಿತವಾಗಿ?"

"ಖಚಿತವಾಗಿ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ."

ಗೋಡಬೋಲೆ ಬಾಯಿ ತಮ್ಮ ಕೈಯಲ್ಲಿ ಉಳಿದಿದ್ದ ಒಂದೇ ಕಾರ್ಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ವೈದ್ಯನ ಕಷಾಯ. ಎದುರಾಳಿಯ ಸರದಿಯಲ್ಲೂ ಆಡಬಹುದು. ಎರಡು ಜೀವಾಂಕ ಹೆಚ್ಚು.

ಹದಿನೇಳು ಹತ್ತೊಂಬತ್ತಾಯಿತು. ಕಪ್ಪೆ ತನ್ನ ಕರ್ತವ್ಯವನ್ನು ಹದಿನೇಳು ಸಲ ಲೋಪವಿಲ್ಲದೆ ನಿರ್ವಹಿಸಿತು. ಉಳಿದದ್ದು ಎರಡು. ಮುಂದಿನ ಸರದಿ ಬಾಯಿಯದು. ಆನೆ ಬಂತು. ಕಪ್ಪೆ ಅಡ್ಡ ನಿಂತಿತು. ಆನೆ ಅದನ್ನು ಗಮನಿಸಲಿಲ್ಲ! ನನ್ನ ಮೂರು ಜೀವಾಂಕವೂ ಹೋದವು.

ಬಾಯಿ ಕಾರ್ಡು ಜೋಡಿಸಿಕೊಳ್ಳುತ್ತ ಮರಾಠಿಯಲ್ಲಿ ಕೇಳಿದರು, "ಸರ್, ಹತ್ತೊಂಬತ್ತು, ಇಪ್ಪತ್ತು ಅಂದಿದ್ದರೂ ಸಾಕಿತ್ತಲ್ಲ. ಯಾಕೆ ಅನ್ನಲಿಲ್ಲ?"

"ಆಧಾರ ಇರಲಿಲ್ಲ," ಎಂದೆ.

ರಿಕ್ಷಾದಲ್ಲಿ ಪಲ್ಲವಿ ರಸ್ತೆಯ ಕಡೆ ಮುಖ ಮಾಡಿ ಕೂತಳು. ಆನೆಯ ಡೆಕ್ ಇದ್ದ ಚೀಲ ನನ್ನ ತೊಡೆಯ ಮೇಲಿತ್ತು. ಲಕ್ಷ್ಮೀ ರಸ್ತೆಯ ಸಿಗ್ನಲ್ಲಿನಲ್ಲಿ ಅವಳು ಒಮ್ಮೆಲೆ, "ಅಪ್ಪಾ, ಕೆಮ್ಮಿದಾಗ ನೀರ್ ಕುಡಿ ಅಂದೆಲ್ಲ..." ಎಂದು ಶುರುಮಾಡಿ, ಮುಗಿಸಲಾರದೆ ನಗತೊಡಗಿದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಎಷ್ಟು ಪಾಲು ನಗೆಯದು, ಎಷ್ಟು ಪಾಲು ಬೇರೆಯದು ಎಂದು ನನಗೆ ತಿಳಿಯಲಿಲ್ಲ.

ಬಾಗಿಲು ತೆಗೆದ ಸುನಂದಾ ನಮ್ಮ ಮುಖ ನೋಡಿದಳು. ಪಲ್ಲವಿ ನಡೆದದ್ದನ್ನೆಲ್ಲ ಹೇಳಿದಳು.

"ಹದಿನೇಳು?" ಎಂದಳು ಸುನಂದಾ. "ಅಲ್ರೀ, ಮನಿಗೆ ಹತ್ತು ಮಂದಿ ಊಟಕ್ಕ ಬರ್ತಾರಂದ್ರ ನಾ ಹದಿನೈದು ಮಂದಿಗೆ ಅಕ್ಕಿ ಹಾಕ್ತೀನಿ. ಕಪ್ಪಿಗೆ ಎರಡು ಜಾಸ್ತಿ ಹಾಕಲಿಕ್ಕೆ ನಿಮಗೇನಾಗಿತ್ತು?"

ಈ ಪ್ರಶ್ನೆಗೆ ಸಂಬಂಧಪಟ್ಟವರಿಂದ ಪ್ರತಿಕ್ರಿಯೆ ಲಭ್ಯವಾಗಲಿಲ್ಲ.

ಗೋಡಬೋಲೆ ಬಾಯಿ ಹೈದರಾಬಾದಿಗೆ ಹೋಗಿಬಂದಿದ್ದಾರೆ. ಋಚಾಳ ಕೈ ಕೂಡಿದೆ, ಆದರೆ ವೈದ್ಯರು ಇನ್ನೂ ಕೆಲವು ವಾರ ವಿಶ್ರಾಂತಿ ಹೇಳಿದ್ದಾರೆ. ಮುಂದಿನ ವಾರದ ಇನ್ನೊಂದು ಸ್ಪರ್ಧೆಗೆ ಪಲ್ಲವಿಯ ಜೋಡಿಯಾಗಿ ಸುನಂದಾಳ ಹೆಸರು ನೋಂದಣಿಯಾಗಿದೆ. ಅವಳು ಆರಿಸಿಕೊಂಡಿರುವುದು ಕಪ್ಪೆಯ ಡೆಕ್. ಕಾರ್ಡುಗಳ ಪಟ್ಟಿಯನ್ನು ಪ್ರೂಫ್ ನೋಡಲು ನಿನ್ನೆ ನನಗೆ ಕೊಟ್ಟಿದ್ದಾರೆ. ಏನನ್ನೂ ಹೊಡೆದುಹಾಕಬಾರದೆಂದು ಮೇಲ್ಗಡೆ ಕೆಂಪು ಶಾಯಿಯಲ್ಲಿ ಬರೆದಿದೆ.