ಪಾಲು ಕೊಡುವ ಕೈ

ಆ ಚಳಿಗಾಲದಲ್ಲಿ ಕೆಯುಲ್ ಕೊಂದ ಐದನೆಯ ಕಾಡುಕೋಣದಲ್ಲೂ ಅವನ ಪಾಲಿಗೆ ಬಂದದ್ದು ಬರೀ ಗೊರಸು. ನಮ್ಮವರ ಪದ್ಧತಿ ಅಂಥದ್ದು. ಕೊಂದವನು ತನ್ನ ಬೇಟೆಯನ್ನು ತಾನೇ ಕೊಯ್ದು ತಿನ್ನಬಾರದು. ತನ್ನ ಗುಡಾರದ ಹೊರಗಿನವರ ಕೈಯಿಂದ ಪಾಲು ಬರಬೇಕು. ಮೀರಿದರೆ ಇನ್ಯಾವ ಮೃಗವೂ ಅವನ ಈಟಿಗೆ ಬೀಳುವುದಿಲ್ಲ. ಪಾಲು ಹಂಚುವ ಮುದುಕ ಒಮ್ರಿಗೋ, ಅಳಿಯಂದಿರೇ ಏಳು ಜನ!

“ಎದೆಹಾಲು ಬತ್ತೋಯ್ತು ಕಣಯ್ಯ. ಮಗು ಚೀಪಿ ಚೀಪಿ ಅಳ್ತಿದೆ. ಗೊರಸು ನೆಕ್ಕಿದ್ರೆ ಹಾಲು ಬರುತ್ತಾ?” ಎಂದಳು ಹೆಂಡತಿ ರುಲ್ತಿ.

“ಈ ಹಾಳು ಜನರ ಸಹವಾಸವೇ ಬೇಡ. ನಡಿಯೇ, ಮೂಡಲಿಗೆ ಹೋಗೋಣ.”

ಬೆಳಕು ಹರಿಯುವ ಮೊದಲೇ ಹೊರಟರು. ಜೌಗು ನೆಲ ಅವನ ಎಡಗಾಲಿನ ತೊಗಲು ಜೋಡನ್ನು ನುಂಗಿತು. ಮಂಜುಗಡ್ಡೆ ಬಿರಿದು ಸೊಂಟದವರೆಗೆ ನೆನೆದ. ಮಧ್ಯಾಹ್ನಕ್ಕೆ ಮನುಷ್ಯನ ಹೆಜ್ಜೆಯೇ ಇಲ್ಲದ ಹೊಸ ಸೀಮೆ ಸಿಕ್ಕಿತು. ಅಲ್ಲಿನ ಕೋಣಗಳಿಗೆ ಮನುಷ್ಯನೆಂದರೇನೆಂದೇ ಗೊತ್ತಿಲ್ಲ. ಒಂದು ಹತ್ತಿರ ಬಂದು ಅವನನ್ನು ಮೂಸಿ ನೋಡಿತು. ಪಾಪ, ಈಟಿ ಹಾಕಿದ.

ಕಲ್ಲಿನ ಚೂರಿ ತೆಗೆದವನ ಕೈಯನ್ನು ರುಲ್ತಿ ಹಿಡಿದಳು. “ಪಾಲು ಕೊಡೋರು ಯಾರು?”

“ನೀನೇ ಕೊಡೇ.”

“ಗಂಡ ಹೆಂಡ್ತೀದು ಒಂದೇ ಕೈ. ನಡೆಯಲ್ಲ.”

“ಇಲ್ಲಿ ಯಾರು ನೋಡ್ತಾರೆ?”

“ಸತ್ತದ್ದು ಕಣ್ಣು ಬಿಟ್ಕೊಂಡು ನೋಡ್ತಿದೆಯಲ್ಲ! ಇವತ್ತು ತಿಂದ್ರೆ ನಾಳೆ ಮಗೂಗೆ ಗತಿಯೇನು?”

ಬೆಟ್ಟದಷ್ಟು ಮಾಂಸದ ಮುಂದೆ ಇಬ್ಬರೂ ಹಸಿದು ಕೂತರು. ಮಗು ಅತ್ತೂ ಅತ್ತೂ ದನಿ ಬಿದ್ದುಹೋಯಿತು. ಕೊನೆಗೆ ಕೆಯುಲ್ ತನ್ನ ಹಣೆಬರಹಕ್ಕೆ ಶಾಪ ಹಾಕುತ್ತ ಹಸಿ ಹುಲ್ಲಿಗೆ ಬೆಂಕಿಯಿಟ್ಟ. ಹೊಗೆ ನೋಡಿ ಸಂಜೆಯೊಳಗೆ ಹಟ್ಟಿಗೆ ಹಟ್ಟಿಯೇ ಬಂತು. ಮುದುಕಿಯರು, ನಾಯಿಗಳು, ಏಳೂ ಅಳಿಯಂದಿರು.

“ಇಂಥಾ ಜಾಗ ಬಚ್ಚಿಟ್ಕೊಂಡು ಒಬ್ನೇ ನುಂಗೋಕೆ ನೋಡಿದ್ಯೇನೋ, ಹೊಟ್ಟೆಬಾಕ!” ಎಂದ ಒಮ್ರಿ, ಬಾಯ್ತುಂಬ ಕೊಬ್ಬು ಜಗಿಯುತ್ತ. ಈ ಸಲ ಕೆಯುಲನಿಗೆ ಬಾಲ ಬಂತು.

ಹೋಗಲಿ, ಜಾಗವಾದರೂ ಸಿಕ್ಕಿತಲ್ಲ ಎಂದು ಅವನು ನೀರಿನ ಪಕ್ಕ ಗುಡಾರದ ಕೋಲು ನೆಟ್ಟ.

“ಏಯ್! ಈ ನೆಲ ಮೊದಲು ಕಂಡವನು ಯಾರು?” ಎಂದ ಒಮ್ರಿ.

“ನಾನೇ ಅಜ್ಜಾ!” ಕೆಯುಲ್ ಎದೆಯುಬ್ಬಿಸಿದ.

“ಅಂದ್ಮೇಲೆ ಇದೂ ನಿನ್ನ ಬೇಟೆನೇ. ನೀನಾಗಿ ತಗೊಳ್ಳೋ ಹಾಗಿಲ್ಲ. ಕೋಲು ಕೀಳು, ನಾವು ಹಂಚ್ತೀವಿ.”

ಹಂಚಿದರು. ನೀರಿನ ದಡ, ಗಾಳಿ ತಾಗದ ಬಂಡೆಯ ಮರೆ, ಕೋಣಗಳ ಹುಲ್ಲುಗಾವಲು ಎಲ್ಲವೂ ಅಳಿಯಂದಿರಿಗೆ ಹೋಯಿತು. ನಾಯಿಗಳಿಗೂ ಬೆಚ್ಚನೆಯ ಮೂಲೆ ಸಿಕ್ಕಿತು. ಕೆಯುಲನ ಸರದಿ ಬಂದಾಗ ಮುದುಕ ದೂರದ ಹಿಮಬೆಟ್ಟದತ್ತ ಕೈ ತೋರಿಸಿದ.

“ಅದರಾಚೆಗೆ ಇರೋದೆಲ್ಲಾ ನಿಂದೇ ಕಣಪ್ಪಾ. ಚೆನ್ನಾಗಿದ್ರೆ ಹೇಳಿ ಕಳಿಸು, ಬರ್ತೀವಿ.”

ರುಲ್ತಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮುಂದೆ ನಡೆದಳು.