ಖಂಡೆಪ್ಪನ ರೇಡಿಯೊ, ಮಾವನ ದನಿ

"ನಿಮ್ಮಪ್ಪನ ದನಿ ನಮ್ಮ ಮನ್ಯಾಗನ ಕೇಳಬೇಕು. ನಾ ಕೈಯ್ಯಾರೆ ಕಟ್ಟಿದ ರೇಡಿಯೊದಾಗನ ಕೇಳಬೇಕು. ಇಲ್ಲಂದ್ರ ನನ್ನ ಹೆಸರು ಖಂಡೆಪ್ಪನ ಅಲ್ಲ!"

ಹೆಂಡತಿ ಗುಂಡವ್ವನ ಮುಂದೆ ಹೀಗೆ ಎದೆ ತಟ್ಟಿಕೊಂಡ ಖಂಡೆಪ್ಪ ಸಿಂದಗಿ ಬಸ್ ನಿಲ್ದಾಣದ ಕಂಟ್ರೋಲರ್. ಇಂಡಿ ಬಸ್ಸು ಯಾವಾಗ, ಮುದ್ದೇಬಿಹಾಳದ್ದು ಯಾವಾಗ, ಬಾಗೇವಾಡಿಯದು ಹಿಪ್ಪರಗಿ ದಾಟಿತೋ ಇಲ್ಲವೋ, ಎಲ್ಲ ಆತನಿಗೆ ಬಾಯಿಪಾಠ. ಹೊತ್ತಲ್ಲದ ಹೊತ್ತಿನಲ್ಲಿ ಬಂದು "ಬಸ್ ಯಾಕ ಬರವಲ್ದರಿ?" ಎಂದು ಕೇಳಿದವರನ್ನು ಕನ್ನಡಕದ ಮೇಲಿಂದ ನೋಡಿ, "ಬಸ್ಸಿಗೂ ಒಂದು ವ್ಯಾಳ್ಯಾ ಅಂತ ಇರ್ತೈತಪಾ! ನೀ ಕಣ್ಣು ಬಿಟ್ಕೊಂಡು ನಿಂತ್ರ ಬರಂಗಿಲ್ಲ" ಎನ್ನುವುದು ಆತನ ದಿನದ ಸಂತೋಷ.

ಗುಂಡವ್ವನ ಅಪ್ಪ ಗುರಪ್ಪ ಮುಳವಾಡದ ರೈತ. ಮನೆಯಲ್ಲಿ ಎರಡು ಮಾತಿಗೆ ಮೂರನೆಯದು ಆಡಿದವನಲ್ಲ. ಅಂಥವನು ಧಾರವಾಡ ಆಕಾಶವಾಣಿಗೆ ಹೋಗಿ, ಹೊಲಕ್ಕೆ ಒಡ್ಡು ಹಾಕುವುದರ ಬಗ್ಗೆ ಮಾತಾಡಿ ಬಂದಿದ್ದ! ಆ ಮಾತು ಶುಕ್ರವಾರ ಸಂಜೆ ರೈತರ ಕಾರ್ಯಕ್ರಮದಲ್ಲಿ ಬರುವುದಿತ್ತು. ತಪ್ಪಿದರೆ ತಪ್ಪಿತು, ಮತ್ತೆ ಸಿಗುವಂಥದ್ದಲ್ಲ. ಗುಂಡವ್ವ ಆ ಶುಕ್ರವಾರಕ್ಕಾಗಿ ಜೀವ ಹಿಡಿದುಕೊಂಡಿದ್ದಳು. ಖಂಡೆಪ್ಪನೋ, ಮಾವ ಧಾರವಾಡಕ್ಕೆ ಹೊರಡುವ ಮೊದಲೇ ತನ್ನ ರೇಡಿಯೊದ ಸುದ್ದಿಯನ್ನು ಹೋಗಿಬರುವ ಕಂಡಕ್ಟರುಗಳ ಕೈಗೆಲ್ಲ ಕೊಟ್ಟು ನಾಲ್ಕೂ ದಿಕ್ಕಿಗೆ ಕಳಿಸಿದ್ದ.

ಶುಕ್ರವಾರ ರಜೆ ಹಾಕಿದ. ಸೊಲ್ಲಾಪುರದಿಂದ ತಂದ ಸಾಮಾನಿನ ಕೊನೆಯ ತಂತಿಗೆ ಬೆಸುಗೆ ಬೀಳುವಾಗ ಮಧ್ಯಾಹ್ನದ ಊಟ ಮುಗಿದಿತ್ತು. ಏರಿಯಲ್ ಕಟ್ಟಲು ಮಾಳಿಗೆ ಹತ್ತಿದವನು ಕಟ್ಟಿದ ಮೇಲೂ ಅಲ್ಲೇ ನಿಂತುಬಿಟ್ಟ. ಆಹಾ, ಈ ಖಾಲಿ ಆಕಾಶದ ತುಂಬ ಈಗ ಎಷ್ಟು ಹಾಡು, ಎಷ್ಟು ತಬಲಾ, ಎಷ್ಟು ಜನರ ಮಾತು ತೇಲಿ ಹೊರಟಿವೆಯೋ! ಒಂದೂ ಕಾಗೆಗೆ ತಾಗುವುದಿಲ್ಲ, ಒಂದೂ ಬೇವಿನ ಮರಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಎಲ್ಲವೂ ಸೀದಾ ಬಂದು ತನ್ನ ತಂತಿಯ ಮೇಲೆ ಕೂತು, ಮೆಲ್ಲಗೆ ಅಡುಗೆಮನೆಗೆ ಇಳಿಯುತ್ತವೆ. ಇಷ್ಟು ದಿನ ಬಸ್ಸುಗಳಿಗೆ ಸೀಟಿ ಊದಿದವನು ಇಂದು ಆಕಾಶಕ್ಕೇ ಒಂದು ನಿಲ್ದಾಣ ಕಟ್ಟಿದ್ದ!

ಕೆಳಗಿಳಿದು ಗುಂಡಿ ತಿರುಗಿಸಿದ. ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಹೊತ್ತಿಕೊಂಡವು. ಗುಂಡವ್ವ ಕೈ ಮುಗಿದಳು. ರೇಡಿಯೊ "ಸ್ಸ್‌ಸ್" ಎಂದಿತು. ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಓಡಿಸಿದರೂ "ಸ್ಸ್‌ಸ್" ಎಂದೇ ಅಂದಿತು.

"ಏನ್ರಿ ಇದು, ಒಗ್ಗರಣಿ ಕೊಟ್ಟಂಗ ಸಪ್ಪಳಾ ಮಾಡ್ತೈತಿ?"

"ಸುಮ್ಮನಿರು. ಗಂಟಲಾ ಸರಿ ಮಾಡ್ಕೊಳ್ಳಾಕತ್ತೈತಿ."

ಗಂಟಲು ಸರಿಹೋಗಲಿಲ್ಲ. ಖಂಡೆಪ್ಪ ಕೌದಿ ಹಾಸಿ ಸ್ಕ್ರೂಡ್ರೈವರ್ ಹಿಡಿದ. ಮೊದಲು ಒಂದು ವಾಲ್ವು ಹೊರಬಂತು, ಅದರ ಹಿಂದೆ ಅದರ ಅಣ್ಣತಮ್ಮಂದಿರು ಬಂದರು. ತಂತಿಯ ಸುರುಳಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ ನೋಡುತ್ತ ಆತನಿಗೆ ಮತ್ತೆ ಕನಸು ಬಿತ್ತು. ನಿಲ್ದಾಣದಲ್ಲಿ ಹಾರ ಹಾಕುತ್ತಿದ್ದಾರೆ, ಬಾಗೇವಾಡಿ ಬಸ್ಸಿನವರು ಇಳಿದು ಚಪ್ಪಾಳೆ ತಟ್ಟುತ್ತಿದ್ದಾರೆ... ಎಚ್ಚರಾದಾಗ ಆ ಸುರುಳಿ ಎಲ್ಲಿಂದ ಬಂದದ್ದೆಂಬುದೇ ಮರೆತುಹೋಗಿತ್ತು.

"ಗೌಸಬಿ ಅಕ್ಕನ ರೇಡಿಯೊ ಕೇಳಾಕ ಹೋಗೂಣ್ರಿ" ಎಂದಳು ಗುಂಡವ್ವ. "ಅಪ್ಪನ ಮಾತು ಹ್ವಾದ್ರ ಹೋತು."

"ಬ್ಯಾರೇದವರ ಅಂಗಳದಾಗ ಕುಂತು ಕೇಳ್ತಿ? ನಾ ಏನು ಸತ್ತೇನೇನು?"

"ನೀವು ಸತ್ತಿಲ್ರಿ. ರೇಡಿಯೊ ಸತ್ತೈತಿ."

ಅಷ್ಟರಲ್ಲಿ ಮಜ್ಜಿಗೆ ಕೇಳಲು ಗೌಸಬಿಯೇ ಬಂದಳು. ಪಕ್ಕದ ಮನೆಯವಳು, ಓಣಿಗೆಲ್ಲ ಇದ್ದ ಒಂದೇ ರೇಡಿಯೊದ ಒಡತಿ. ಕೌದಿಯ ಮೇಲೆ ಹರಡಿದ ಸಾಮಾನು ನೋಡಿ ಬಾಯಿ ಮೇಲೆ ಕೈ ಇಟ್ಟಳು.

"ಇದೇನ್ರಿ ಖಂಡೆಪ್ಪಣ್ಣಾ, ಸಂತಿ ಹಚ್ಚೀರಲ್ಲ?"

"ದನಿ ಬರವಲ್ದವಾ. ಊಟಾ ಆದಾಗಿಂದ ನೋಡಾಕತ್ತೇನಿ."

"ಊಟಾ ಆದ ಮ್ಯಾಲ ಹ್ಯಾಂಗ ಬಂದೀತ್ರಿ? ಹಗಲಿಗೆ ಇಲ್ಲಿ ಸಿಗೂದು ಧಾರವಾಡ ಒಂದ, ಅವರು ಈ ಹೊತ್ತಿನ್ಯಾಗ ಬಂದ್ ಮಾಡಿರ್ತಾರ. ನಂದೂ ಸುಸ್ಸ್ ಅಂತೈತಿ. ಸಂಜಿಗೆ ಮತ್ತ ಚಾಲೂ ಆಗ್ತೈತಿ."

ಖಂಡೆಪ್ಪನ ಕೈಯ ಸ್ಕ್ರೂಡ್ರೈವರ್ ಗಾಳಿಯಲ್ಲೇ ನಿಂತಿತು. ಅಂದರೆ ರೇಡಿಯೊ ಮೊದಲಿನಿಂದಲೂ ಸರಿಯಾಗಿತ್ತು!

"ಯವ್ವಾ!" ಎಂದಳು ಗುಂಡವ್ವ. "ಬಸ್ಸಿನ ವ್ಯಾಳ್ಯಾ ಅಲ್ಲದಾಗ ಬಂದು, ಬಸ್ ಬರಲಿಲ್ಲಂತ ಇವರು ಬಸ್‌ಸ್ಟ್ಯಾಂಡನ್ನ ಕೆಡವ್ಯಾರ!"

ಆಮೇಲೆ ನಡೆದದ್ದು ಯುದ್ಧ. ಬಿಚ್ಚಿದ್ದನ್ನೆಲ್ಲ ಖಂಡೆಪ್ಪ ಮತ್ತೆ ತುರುಕಿದ, ತಿರುಚಿದ, ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡೇ ಬೆಸೆದ. ಪೆಟ್ಟಿಗೆ ಮುಚ್ಚಿದ ಮೇಲೂ ಕೌದಿಯ ಮೇಲೆ ಒಂದು ಹಿಡಿ ಸಾಮಾನು ಉಳಿದಿತ್ತು. ಉಳಿತಾಯವೆಂದುಕೊಂಡು ಗುಂಡಿ ತಿರುಗಿಸಿದ. ಟಪ್! ಏರಿಯಲ್‌ನಿಂದ ಹಾಡು ಇಳಿಯುವ ಬದಲು ಪೆಟ್ಟಿಗೆಯಿಂದ ಹೊಗೆ ಏರಿತು.

ಗುಂಡವ್ವ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆಕೆ ಬೈಯಲಿಲ್ಲ, ಸುಮ್ಮನೆ ಸೆರಗಿನಿಂದ ಕಣ್ಣೊತ್ತಿಕೊಂಡು ದೀಪ ಹಚ್ಚಲು ಎದ್ದಳು. ಖಂಡೆಪ್ಪ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಮೇಲೆದ್ದ.

"ಬಾ, ನಡಿ" ಎಂದ. "ಗೌಸಬಿ ಮನಿಗೆ ಹೋಗೂಣು."

ಗೌಸಬಿಯ ಅಂಗಳದಲ್ಲಿ ಓಣಿಯೇ ಕೂತಿತ್ತು. ಖಂಡೆಪ್ಪ ಎಲ್ಲರ ಹಿಂದೆ, ಕತ್ತಲು ನೋಡಿ ಕುಳಿತ. ಸ್ಕ್ರೂಡ್ರೈವರ್ ಇನ್ನೂ ಕೈಯಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಗುರಪ್ಪನ ದನಿ ಬಂತು, ಸಣ್ಣಗೆ, ನಾಚಿಕೊಂಡು. ಒಡ್ಡು, ಇಳಿಜಾರು, ನಿಂತ ನೀರು, ಆ ನೀರು ಕುಡಿದು ಎದ್ದ ಜೋಳ. ಅಷ್ಟು ದೂರದಿಂದ ಗಾಳಿಯಲ್ಲಿ ಬಂದ ಮಾತಿಗೆ ಮಳೆ ಬಿದ್ದ ಹೊಲದ ವಾಸನೆ ಇದ್ದಂತೆ ಖಂಡೆಪ್ಪನಿಗೆ ಅನ್ನಿಸಿತು. ಗುಂಡವ್ವ ರೇಡಿಯೊದ ಕಡೆಗೆ ಸರಿದು ಕುಳಿತಳು.

"ಒಡ್ಡಿನ ಮಾತು ಇಷ್ಟರಿ" ಎಂದ ಗುರಪ್ಪ. "ಇನ್ನೊಂದು ಹೇಳ್ತೇನಿ. ಸಿಂದಗ್ಯಾಗ ನಮ್ಮ ಅಳಿಯಂದ್ರು ತಾವ ರೇಡಿಯೊ ಕಟ್ಟ್ಯಾರ. ನನ್ನ ಮಗಳು ಈಗ ಅದರ ಮುಂದನ ಕುಂತಿರ್ತಾಳ. ಆರಾಮ ಅದಿಯೇನವಾ, ಗುಂಡೀ?"

"ಆರಾಮ ಅದೀನಪಾ!" ಎಂದು ಗುಂಡವ್ವ ಪೆಟ್ಟಿಗೆಗೇ ಉತ್ತರ ಕೊಟ್ಟು ಗಳಗಳನೆ ಅತ್ತಳು.

"ಅಳಿಯಂದ್ರ, ನನ್ನ ದನಿ ಸಣ್ಣದು. ಆಕಿಗೆ ಕೇಳೂವಂಗ ಒಂದೀಟು ಏರಸ್ರಿ."

ಅಂಗಳದ ಅಷ್ಟೂ ತಲೆಗಳು ಹಿಂದಕ್ಕೆ ತಿರುಗಿದವು. ಗುಂಡವ್ವ ಮಾತ್ರ ರೇಡಿಯೊದಿಂದ ಕಣ್ಣು ಕೀಳದೆ, "ಏಳ್ರಿ, ಅಪ್ಪ ಹೇಳಾಕತ್ತಾನ" ಎಂದಳು. ಖಂಡೆಪ್ಪ ಎದ್ದು, ತಲೆ ತಗ್ಗಿಸಿ ಎಲ್ಲರನ್ನೂ ದಾಟಿಕೊಂಡು ಹೋಗಿ ರೇಡಿಯೊದ ಮುಂದೆ ಬಗ್ಗಿದ.

ಗೌಸಬಿ ಗಾಬರಿಯಾಗಿ ಆತನ ಕೈ ನೋಡಿ ಕೂಗಿದಳು: "ಏರಸೂದು ಏರಸ್ರಿ ಅಣ್ಣಾ... ಬಿಚ್ಚಬ್ಯಾಡ್ರಿ!"