ಸೇಬೋ, ಸೇಪ್ಪೋ

"ಸುಳ್ಳು ಅಂತೀರಾ? ಅನ್ನಿ. ಮದ್ರಾಸ್ ಸೆಂಟ್ರಲ್ ಸ್ಟೇಷನ್ ಪಾರ್ಸೆಲ್ ಆಫೀಸಲ್ಲಿ ಮೂವತ್ತೊಂದು ವರ್ಷ ಸೇಬಿನ ಪೆಟ್ಟಿಗೆ ಇಳಿಸಿಕೊಂಡವನು ನಾನು. ಒಂದ್ಸಲ ಮಳೆಗೆ ಚೀಟಿಯೆಲ್ಲ ಕಿತ್ತುಹೋಗಿ, ಯಾವುದು ಕಾಶ್ಮೀರದ್ದು, ಯಾವುದು ಶಿಮ್ಲಾದ್ದು ಅಂತ ತಿಳೀದೆ ನಮ್ಮ ಸಾಹೇಬರು ಅಳೋದೊಂದು ಬಾಕಿ. ನಾನು ಒಂದೊಂದೇ ಪೆಟ್ಟಿಗೆ ಮೂಸಿ ಊರು ಹೇಳ್ದೆ. ಕೊನೇದು ಮೂಸಿ, 'ಈ ಮರದ ಮೇಲೊಂದು ಗಿಳಿ ಇತ್ತು ಸಾರ್, ಅದಕ್ಕೆ ನೆಗಡಿ' ಅಂದೆ. ತಂತಿ ಕೊಟ್ಟು ವಿಚಾರಿಸಿದ್ರು. ಮೂರು ದಿನದಿಂದ ಸೀನ್ತಿತ್ತಂತೆ."

ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ನಂಬದವರೊಬ್ಬರು ಕೂತಿದ್ದಾರೆಂದು ಭಾವಿಸಿಕೊಂಡು ಮಾತಾಡುವುದು ನನ್ನ ಅಭ್ಯಾಸ. ನಿಜವಾಗಿ ನಂಬದವಳು ಅಡುಗೆಮನೆಯಲ್ಲಿರುತ್ತಾಳೆ. ಇವತ್ತು ಅವಳೇ ಹೊರಗೆ ಬಂದಳು, ಕೈಯಲ್ಲಿ ನಾನು ತಂದ ಚೀಲ.

ಜಯಲಕ್ಷ್ಮೀ: ಗಿಳಿಗೆ ಆಮೇಲೆ ಕಷಾಯ ಕೊಡೋಣ. ಇದೇನ್ರೀ?

ನಾನು: ಸೇಬು.

ಜಯಲಕ್ಷ್ಮೀ: ಯಾವ ಬಣ್ಣ?

ನಾನು: ಕೆಂಪು. ಸೇಬು ಇನ್ಯಾವ ಬಣ್ಣ ಇರುತ್ತೆ, ನೀಲಿನಾ?

ಜಯಲಕ್ಷ್ಮೀ: ಹಸಿರು ಸೇಬು ಅಂತ ನಾಲ್ಕು ಸಲ ಹೇಳಿ ಕಳಿಸ್ದೆ. ಉಪ್ಪಿನಕಾಯಿಗೆ. ತಿನ್ನೋ ಹಣ್ಣು ಬೇರೆ, ಒಲೆಗೆ ಹಾಕೋ ಹಣ್ಣು ಬೇರೆ. ಹಸಿರದು ಹುಳಿಯಾಗಿ, ಗಟ್ಟಿಯಾಗಿ ನಿಲ್ಲುತ್ತೆ. ಇದನ್ನ ಹೆಚ್ಚಿ ಖಾರ ಹಾಕಿದ್ರೆ ಪಾಯಸಕ್ಕೆ ಮೆಣಸಿನಪುಡಿ ಬಿದ್ದ ಹಾಗಿರುತ್ತೆ. ಸುಜಯೀಂದ್ರ ಇನ್ನೇನು ಬಂದ.

ಸುಜಯೀಂದ್ರ ಅವಳ ತಮ್ಮ, ಇಲ್ಲೇ ಅಡಯಾರಿನಲ್ಲಿದ್ದಾನೆ. ನಮ್ಮ ಮದುವೆಯಲ್ಲಿ ನಾನು ತಟ್ಟಿ ತಟ್ಟಿ ಆರಿಸಿದ ತೆಂಗಿನಕಾಯಿ ಕೊಳೆತು ನಾರಿದಾಗಿನಿಂದ ನನ್ನನ್ನು ಕಂಡರೆ ನಗುತ್ತಾನೆ. ನಿನ್ನೆ ಫೋನಿನಲ್ಲಿ ನಾನೇ ಕೊಚ್ಚಿಕೊಂಡಿದ್ದೆ: "ಉಪ್ಪಿನಕಾಯಿಗೆ ಹಣ್ಣು ಆರಿಸೋನು ನಾನು. ಕಲಿಯೋದಿದ್ರೆ ಬಾ." ಇವತ್ತು ಹೋಗುವುದು ಉಪ್ಪಿನಕಾಯಿಯಲ್ಲ, ನನ್ನ ಮಾನ.

ನಾನು: ಅಂಗಡಿಯವನದೇ ತಪ್ಪು. ನಾನು ಸೇಬು ಕೊಡಪ್ಪ ಅಂದ್ರೆ, ಬಾಳೆಹಣ್ಣು ಬೇಕಾ ಅಂದ.

ಜಯಲಕ್ಷ್ಮೀ: ಹಾಗಂತ ಕೇಳಿದ್ನಾ?

ನಾನು: "ಸೇಪ್ಪಾ, ಪಚ್ಚೆಯಾ" ಅಂದ. ಸೇಬೋ, ಪಚ್ಚಬಾಳೆಯೋ ಅಂತ ತಾನೇ? "ಪಚ್ಚೆ ವೇಂಡಾಂ, ಸೇಬು, ಸೇಬು ಮಟ್ಟುಂ" ಅಂದೆ. ಅಚ್ಚ ತಮಿಳು.

ಮೊಬೈಲಿನಲ್ಲಿ ಮುಳುಗಿದ್ದ ಮೊಮ್ಮಗಳು ರಂಜನಿ ತಲೆ ಎತ್ತಿದಳು. ಅವಳ ಕನ್ನಡದಲ್ಲಿ ಅರ್ಧ ತಮಿಳು.

ರಂಜನಿ: ಅಯ್ಯೋ ತಾತಾ, ಸೇಪ್ಪುನಾ ರೆಡ್. ಕೆಂಪಾ, ಹಸಿರಾ ಅಂತ ಕೇಟ್ಟಾರು ಅವರು. ನೀವು ಗ್ರೀನ್ ಬೇಡ, ರೆಡ್ ಮಾತ್ರ ಅಂತ ಸೊಲ್ಲಿಟ್ಟೀಂಗ.

ಜಯಲಕ್ಷ್ಮೀ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

ಜಯಲಕ್ಷ್ಮೀ: ಐವತ್ತು ವರ್ಷ ಮದ್ರಾಸಿನ ನೀರು ಕುಡಿದಿದ್ದೀರಿ. ಹೋಗ್ಲಿ, ಚೀಲಕ್ಕೆ ಹಾಕುವಾಗ ಕಣ್ಣಲ್ಲಿ ನೋಡ್ಲಿಲ್ವಾ?

ನಾನು: ಮೂಸಿದೆ. ಮೂಸೋನು ನೋಡ್ತಾನೇನೇ?

ಜಯಲಕ್ಷ್ಮೀ: ಊರು ಹೇಳೋ ಮೂಗು ಹುಳಿ ಹೇಳ್ಲಿಲ್ವಾ?

ನಾನು: ಆ ಗಿಳಿ ನೆಗಡಿ ನನಗೂ ಅಂಟಿತ್ತು ಕಣೆ. ಇನ್ನೂ ಪೂರ್ತಿ ಬಿಟ್ಟಿಲ್ಲ.

ಕರೆಗಂಟೆ ಸದ್ದಾಯಿತು. ನಾನು ಕೆಂಪು ಬಾವುಟ ಕಂಡ ಎಂಜಿನ್ ಡ್ರೈವರಿನಂತೆ ಗಕ್ಕನೆ ಎದ್ದು ನಿಂತೆ. ಸುಜಯೀಂದ್ರ ಒಳಗೆ ಬಂದವನೇ ಕಾಗದದ ಪೊಟ್ಟಣವೊಂದನ್ನು ಅಕ್ಕನ ಕೈಗಿಟ್ಟ.

ಸುಜಯೀಂದ್ರ: ಅಕ್ಕಾ, ಭಾವ ಹೇಗೂ ತಪ್ಪು ಹಣ್ಣೇ ತಂದಿರ್ತಾರೆ ಅಂತ ಉಪ್ಪಿನಕಾಯಿಗೆ ನಾನೇ ತಂದೆ. ಭಾವಾ, ನೋಡಿ ಕಲೀರಿ.

ಜಯಲಕ್ಷ್ಮೀ ಪೊಟ್ಟಣ ಬಿಚ್ಚಿದಳು. ಒಂದೊಂದು ಸೇಬೂ ಕೆಂಪು.

ಜಯಲಕ್ಷ್ಮೀ: ಅಂಗಡಿಯವನು ನಿನ್ನ ಏನಾದ್ರೂ ಕೇಳಿದ್ನೇನೋ?

ಸುಜಯೀಂದ್ರ: ಅದನ್ನೇ ಹೇಳೋಣ ಅಂತಿದ್ದೆ. ನನಗೆ ಪಚ್ಚಬಾಳೆ ತಗುಲಿಹಾಕೋಕೆ ನೋಡ್ದ. ನಾನು ಬಿಡ್ತೀನಾ? ಸೇಬೇ ಬೇಕು ಅಂತ ಹಟ ಹಿಡಿದೆ.

ಜಯಲಕ್ಷ್ಮೀ: ನೀನೂ ಮೂಸಿದ್ಯಾ?

ಸುಜಯೀಂದ್ರ: ಛೆ, ತಟ್ಟಿ ನೋಡ್ದೆ. ಭಾವನ ಹತ್ರ ಕಲಿತಿದ್ದು.

ನಾನು ಅವನ ಹೆಗಲ ಮೇಲೆ ಕೈ ಹಾಕಿ ಆ ಖಾಲಿ ಕುರ್ಚಿಯಲ್ಲಿ ಕೂಡಿಸಿದೆ.

ನಾನು: ಕೂತ್ಕೋ ಸುಜಯೀಂದ್ರ. ಒಂದ್ಸಲ ಒಂದು ಗಿಳಿ ಇತ್ತು. ನೀನಾದ್ರೂ ನಂಬ್ತೀಯ.

ಜಯಲಕ್ಷ್ಮೀ ಚೀಲ, ಪೊಟ್ಟಣ ಎರಡನ್ನೂ ಎತ್ತಿಕೊಂಡು ಒಳಗೆ ಹೋದಳು. ರವೆ ಹುರಿಯುವ ವಾಸನೆ ಬಂತು. ಕೆಂಪು ಸೇಬೆಲ್ಲ ಕೇಸರಿಬಾತಿಗೆ ಬೀಳುತ್ತಿದೆಯೆಂದು ನನ್ನ ಮೂಗು ಹೇಳಿತು, ಈ ಸಲ ಸರಿಯಾಗಿಯೇ. ನನ್ನ ಕಥೆಯ ಗಿಳಿ ಇನ್ನೇನು ಸೀನಬೇಕು, ಒಳಗಿನಿಂದ ರಂಜನಿ ಕೂಗಿದಳು:

"ಇಬ್ಬರು ತಾತಾನೂ ಊಟಕ್ಕೆ ವಾಂಗೋ. ಬಾಳೆ ಎಲೆ ಹಾಕಿದೀನಿ. ಅದು ಪಚ್ಚೆ, ಬಾಳೆಹಣ್ಣು ಅಲ್ಲ."